ಮೂರೋ ನೂರೋ

ಮಾರ್ಚ್ ೪

ಧ್ವನಿ ವಿಭಾಗದ ಎಂಜಿನಿಯರ್ ಅವರಿಗೆ,

ಮಾನ್ಯರೇ,

ನಾನು ಇಲ್ಲಿನ ಹೆದ್ದಾರಿ ಸುರಂಗದ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಆಪರೇಟರ್. ಇಪ್ಪತ್ತಾರು ವರ್ಷ ಸೇವೆಯಾಗಿದೆ. ನಮ್ಮ ಗಸ್ತಿನವರ ಕೈಯಲ್ಲಿರುವ ವಾಕಿಟಾಕಿಗಳು ನಿಮ್ಮ ಸಂಸ್ಥೆಯವು. ಕಳೆದ ವರ್ಷ ಹಳೆಯವನ್ನು ತೆಗೆದು ಇವನ್ನು ಕೊಟ್ಟರು.

ಫೆಬ್ರವರಿ ೧೧ರ ಮಧ್ಯಾಹ್ನ ನಾಲ್ಕು ಗಂಟೆಯ ಸುಮಾರಿಗೆ ಸುರಂಗದೊಳಗೆ ಒಂದು ವ್ಯಾನಿಗೆ ಬೆಂಕಿ ಹತ್ತಿಕೊಂಡಿತು. ಸುರಂಗದ ಉದ್ದಕ್ಕೂ ನೂರು ಮೀಟರಿಗೊಂದರಂತೆ ತುರ್ತು ಬಾಗಿಲುಗಳಿವೆ, ಒಟ್ಟು ನೂರಾ ಆರು. ಗಸ್ತಿನಲ್ಲಿದ್ದ ಹುಡುಗಿ ವಾಕಿಟಾಕಿಯಲ್ಲಿ ಬಾಗಿಲಿನ ಸಂಖ್ಯೆ ಹೇಳಿದಳು. ನನಗೆ ಕೇಳಿಸಿದ್ದು ‘ನೂರನೇ ಬಾಗಿಲು’. ನಿಯಮದಂತೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ನೂರನೆಯದು ಪೂರ್ವದ ತುದಿಗೆ ಹತ್ತಿರ. ಹಾಗಾಗಿ ಫ್ಯಾನುಗಳನ್ನು ಪೂರ್ವಕ್ಕೆ ತಿರುಗಿಸಿ, ಅಗ್ನಿಶಾಮಕ ವಾಹನವನ್ನೂ ಆ ಕಡೆಯಿಂದಲೇ ಕಳಿಸಿದೆ. ಬೆಂಕಿ ಇದ್ದದ್ದು ಪಶ್ಚಿಮದ ತುದಿಯಲ್ಲಿ, ಮೂರನೇ ಬಾಗಿಲ ಬಳಿ. ಮುನ್ನೂರು ಮೀಟರು ಸಾಗಿ ಹೊರಬೀಳಬೇಕಾಗಿದ್ದ ಹೊಗೆ ಹತ್ತು ಕಿಲೋಮೀಟರು ಒಳಕ್ಕೆ ನುಗ್ಗಿತು. ತಪ್ಪು ಗೊತ್ತಾಗುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು, ಇಬ್ಬರು ಸತ್ತಿದ್ದರು.

ನಮ್ಮ ಕೊಠಡಿಯ ಧ್ವನಿಮುದ್ರಣವನ್ನು ಎಷ್ಟು ಸಲ ಹಾಕಿದರೂ ‘ನೂರನೇ’ ಎಂದೇ ಕೇಳುತ್ತದೆ. ಹೀಗಿದ್ದೂ ವಿಚಾರಣಾ ಸಮಿತಿಯ ಕೆಲವರು, ಆಕೆಗೆ ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎನ್ನುತ್ತಿದ್ದಾರಂತೆ. ಒಳಗೆ ಆಡಿದ ಮಾತೇ ಹೊರಗೆ ಬರುತ್ತದೆ, ನಿಮ್ಮ ಯಂತ್ರ ಅದನ್ನು ಬದಲಿಸುವುದಿಲ್ಲ ಎಂದು ಒಂದು ಪ್ರಮಾಣಪತ್ರ ಕೊಟ್ಟರೆ ಉಪಕಾರವಾಗುತ್ತದೆ. ಹುಡುಗಿ ಗಾಬರಿಯಲ್ಲಿ ತಪ್ಪು ಸಂಖ್ಯೆ ಹೇಳಿರಬೇಕು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಇತಿ,
ಆಪರೇಟರ್, ಹಗಲು ಪಾಳಿ


ಮಾರ್ಚ್ ೧೩

ಮೇಡಂ ಅವರಿಗೆ,

ಪ್ರಮಾಣಪತ್ರ ಲಗತ್ತಿಸಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರೇ ಸಹಿ ಹಾಕಿದ್ದಾರೆ. ಅವರು ಒಂದು ಕಾಗದಕ್ಕೆ ಸಹಿ ಹಾಕಲು ಹದಿನೈದು ದಿನ ತೆಗೆದುಕೊಳ್ಳುವವರು. ಇದಕ್ಕೆ ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಪ್ರಯೋಗಾಲಯದಲ್ಲಿ ಹನ್ನೆರಡು ಜನರ ದನಿಯಿಂದ ಈ ಯಂತ್ರವನ್ನು ಪರೀಕ್ಷಿಸಿದ್ದೇವೆ. ನೂರು ಮಾತಿಗೆ ತೊಂಬತ್ತಾರು ಸರಿಯಾಗಿ ಕೇಳಿಸಿವೆ. ಕರಾರಿನ ಪ್ರಕಾರ ತೊಂಬತ್ತು ಬಂದರೆ ಸಾಕಿತ್ತು.

ಸುರಂಗದ ಬಂಡೆಯೊಳಗೆ ವಾಕಿಟಾಕಿಯ ಮಾತು ಹೊರುವ ಕೇಬಲ್ಲಿನಲ್ಲಿ ಜಾಗ ಬಹಳ ಕಡಿಮೆ. ಸದ್ದನ್ನು ಇದ್ದಂತೆಯೇ ಕಳಿಸಲು ಆಗುವುದಿಲ್ಲ. ಕಳೆದ ಕ್ಷಣದ ಸದ್ದಿನಿಂದ ಮುಂದಿನದನ್ನು ಲೆಕ್ಕ ಹಾಕುವ ಹತ್ತು ಅಂಕಿಗಳನ್ನು ಮಾತ್ರ ಕಳಿಸುತ್ತೇವೆ. ಆ ಲೆಕ್ಕವನ್ನು ಆರು ವರ್ಷ ತಿದ್ದಿ ತೀಡಿದವನು ನಾನು. ಇದರ ಬಗ್ಗೆ ಹೊರಗಿನವರೊಬ್ಬರು ಕಾಗದ ಬರೆದದ್ದು ಇದೇ ಮೊದಲು. ಇನ್ನೇನಾದರೂ ಬೇಕಿದ್ದರೆ ಸಂಕೋಚಪಡದೆ ಬರೆಯಿರಿ.

ತಮ್ಮ ವಿಶ್ವಾಸಿ,
ಎಂಜಿನಿಯರ್, ಧ್ವನಿ ವಿಭಾಗ


ಮಾರ್ಚ್ ೨೪

ಎಂಜಿನಿಯರ್ ಅವರಿಗೆ,

ಪ್ರಮಾಣಪತ್ರ ತಲುಪಿತು. ಸಮಿತಿಗೆ ಕೊಟ್ಟಿದ್ದೇನೆ. ಈಗ ಯಾರೂ ನನ್ನ ಕಿವಿಯ ಮಾತೆತ್ತುತ್ತಿಲ್ಲ. ನಿಮಗೆ ಕೃತಜ್ಞತೆ ಹೇಳಿ ಸುಮ್ಮನಾಗಬೇಕಿತ್ತು. ಆಗಲಿಲ್ಲ.

ಆ ಹುಡುಗಿಯನ್ನು ನಾವೆಲ್ಲ ಗುಬ್ಬಿ ಎಂದು ಕರೆಯುತ್ತೇವೆ. ದನಿ ಅಷ್ಟು ತೆಳು. ಅವಳು ಮಾತು ಮುಗಿಸಿ ‘ಓವರ್’ ಎಂದರೆ ನಮ್ಮ ಕೊಠಡಿಯಲ್ಲಿ ಎಲ್ಲರ ಮುಖವೂ ಅರಳುತ್ತಿತ್ತು. ಕೆಲಸ ಕಲಿಸಿದವಳು ನಾನೇ. ಅವತ್ತು ಅವಳು ಹೊಗೆಯೊಳಗೆ ತೆವಳಿ ನಾಲ್ಕು ಜನರನ್ನು ಬಾಗಿಲಾಚೆ ಎಳೆದುಹಾಕಿದಳು. ಐದನೆಯವರನ್ನು ಎಳೆಯುವಾಗ ಬಿದ್ದಳು. ಗಂಟಲು ಸುಟ್ಟಿದೆ, ಮಾತಾಡಲೇಬಾರದು ಎಂದಿದ್ದಾರೆ ಡಾಕ್ಟರು.

ಭಾನುವಾರ ನೋಡಲು ಹೋಗಿದ್ದೆ. ಜೊತೆಗೆ ನಮ್ಮ ಯಜಮಾನರೂ ಬಂದಿದ್ದರು. ಅವರು ಗಡಿಯಾರ ರಿಪೇರಿ ಮಾಡುವವರು, ಕಿವಿ ಪೂರ್ತಿ ಹೋಗಿ ಹತ್ತು ವರ್ಷವಾಯಿತು. ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಗುಬ್ಬಿ ನನ್ನ ಕೈ ಹಿಡಿದುಕೊಂಡು, ಸದ್ದಿಲ್ಲದೆ, ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳಿದಳು. ಹೊರಗೆ ಬಂದ ಮೇಲೆ ಯಜಮಾನರು ಅಂದರು: “ಪಾಪ, ಮೂರು ಮೂರು ಅಂತಿತ್ತಲ್ಲೇ ಆ ಮಗು.” ನಾನು, “ನೂರು ಅಂದಿರ್ಬೇಕು ಬಿಡಿ,” ಅಂದೆ. ಅವರು ನಿಂತುಬಿಟ್ಟರು. “ನೂರು ಅನ್ನೋಕೆ ತುಟಿ ಯಾಕೆ ಮುಚ್ಚಬೇಕು? ನೀನೇ ಕನ್ನಡಿ ಮುಂದೆ ನಿಂತು ಹೇಳು ನೋಡೋಣ.”

ಹೇಳಿ ನೋಡಿದೆ. ಅವರು ಅಂದದ್ದು ಸರಿ.

ನಿಮ್ಮ ಯಂತ್ರ ಲೆಕ್ಕ ಹಾಕುತ್ತದೆ ಎಂದಿರಿ. ಲೆಕ್ಕ ಅಂದರೆ ಊಹೆ ತಾನೇ? ಊಹೆ ಅಂದಮೇಲೆ ತಪ್ಪಲೂಬಹುದಲ್ಲವೇ? ದಡ್ಡ ಪ್ರಶ್ನೆಯಾದರೆ ಕ್ಷಮಿಸಿ.

ಆಪರೇಟರ್


ಏಪ್ರಿಲ್ ೫

ಮೇಡಂ,

ದಡ್ಡ ಪ್ರಶ್ನೆಯಲ್ಲ. ಊಹೆಯೇ. ಆದರೆ ನೀವು ಅಂದುಕೊಂಡ ಊಹೆಯಲ್ಲ. ಮೂರು ಯಾವುದು, ನೂರು ಯಾವುದು ಎಂಬುದು ಯಂತ್ರಕ್ಕೆ ಗೊತ್ತೇ ಇಲ್ಲ. ಅದಕ್ಕೆ ಮನುಷ್ಯರ ಭಾಷೆಯೂ ಬಾರದು, ಕಾಗೆಯ ಭಾಷೆಯೂ ಬಾರದು.

ಸದ್ದೆಂದರೆ ಏರಿಳಿಯುವ ಒಂದು ಗೆರೆ. ಅದನ್ನು ಸೆಕೆಂಡಿಗೆ ಎಂಟು ಸಾವಿರ ಚುಕ್ಕೆಗಳಾಗಿ ಅಳೆಯುತ್ತೇವೆ. ಗಂಟಲು, ನಾಲಿಗೆ, ತುಟಿ ಇವೆಲ್ಲ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆಕಾರ ಬದಲಿಸಲಾರವು. ಹಾಗಾಗಿ ಹಿಂದಿನ ಹತ್ತು ಚುಕ್ಕೆಗಳು ಗೊತ್ತಿದ್ದರೆ ಹನ್ನೊಂದನೆಯದು ಸುಮಾರಾಗಿ ಎಲ್ಲಿ ಬೀಳುತ್ತದೆ ಎಂದು ಹೇಳಬಹುದು. ಹಿಂದಿನ ಒಂದೊಂದು ಚುಕ್ಕೆಗೂ ಎಷ್ಟೆಷ್ಟು ತೂಕ ಎಂಬ ಹತ್ತು ಅಂಕಿಗಳಿವೆಯಲ್ಲ, ಅವೇ ಆ ಕ್ಷಣದ ಬಾಯಿಯ ಅಚ್ಚು. ಅಚ್ಚು, ಸ್ವರದ ಎತ್ತರ, ದನಿಯ ಜೋರು ಇಷ್ಟನ್ನು ಮಾತ್ರ ಕಳಿಸುತ್ತೇವೆ. ನಿಮ್ಮ ಕಡೆಯ ಯಂತ್ರ ತಾನೇ ಒಂದು ಗುಂಯ್ ಸದ್ದು ಹೊರಡಿಸಿ ಆ ಅಚ್ಚಿಗೆ ಹೊಯ್ಯುತ್ತದೆ. ನಿಜ ಹೇಳಬೇಕೆಂದರೆ, ಒಂದು ವರ್ಷದಿಂದ ನೀವು ವಾಕಿಟಾಕಿಯಲ್ಲಿ ಯಾರ ದನಿಯನ್ನೂ ಕೇಳಿಲ್ಲ.

ಊಹೆಗೂ ನಿಜಕ್ಕೂ ನಡುವೆ ಉಳಿಯುವ ವ್ಯತ್ಯಾಸಕ್ಕೆ ನಾವು ಶೇಷ ಎನ್ನುತ್ತೇವೆ. ಅದನ್ನೂ ಕಳಿಸಿದರೆ ಮಾತು ಇದ್ದಂತೆಯೇ ಬರುತ್ತದೆ. ಜಾಗವಿಲ್ಲದ್ದರಿಂದ ಈ ಯಂತ್ರದಲ್ಲಿ ಬಿಟ್ಟಿದ್ದೇವೆ. ಕಂಡಕಂಡವರನ್ನೆಲ್ಲ ‘ಶೇಷ ಎಷ್ಟು, ಶೇಷ ಎಷ್ಟು’ ಎಂದು ಕೇಳಿ ಕೇಳಿ ಇಲ್ಲಿ ನನಗೇ ಶೇಷಣ್ಣ ಎಂದು ಹೆಸರು ಬಿದ್ದಿದೆ. ಹೊಸದಾಗಿ ಬಂದವರು ಅದೇ ನನ್ನ ಹೆಸರು ಎಂದುಕೊಂಡಿದ್ದಾರೆ.

ತುಟಿಯ ವಿಷಯ: ನೋವು ತಿನ್ನುತ್ತಿರುವವರ ತುಟಿಯನ್ನು ಸಾಕ್ಷಿ ಎಂದು ಹಿಡಿಯಬಾರದು. ಆಮೇಲೆ ಎಲ್ಲರ ಬಾಯಲ್ಲೂ ಮೂರು ಎಂದು ಕೇಳಿ ಅವರಿಗೂ ಹಾಗೇ ನೆನಪಾಗಿರಬಹುದು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಶೇಷಣ್ಣ


ಏಪ್ರಿಲ್ ೧೪

ಶೇಷಣ್ಣನವರಿಗೆ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ. ಯಾರ ದನಿಯನ್ನೂ ಕೇಳಿಲ್ಲ ಎಂದಿರಲ್ಲ, ಅಲ್ಲಿ. ಹೊಸ ವಾಕಿಟಾಕಿ ಬಂದಮೇಲೆ ಗುಬ್ಬಿ ‘ಓವರ್’ ಎಂದರೆ ನಾವು ನಗುವುದು ನಿಂತುಹೋಗಿತ್ತು. ಕೆಲಸ ಹಳೆಯದಾಯಿತು, ಅದಕ್ಕೇ ಎಂದುಕೊಂಡಿದ್ದೆ. ಈಗ ನೋಡಿದರೆ ದನಿಯೇ ಬರುತ್ತಿರಲಿಲ್ಲ.

ನಮ್ಮ ಕೊಠಡಿಗೆ ಕಿಟಕಿ ಇಲ್ಲ. ಗೋಡೆ ತುಂಬ ಪರದೆಗಳು. ನೂರನೆಯದರ ಪರದೆಯಲ್ಲಿ ಅವತ್ತು ಬೆಂಕಿ ಕಾಣಲಿಲ್ಲ, ಕ್ಯಾಮೆರಾದ ಕಣ್ಣಿಗೆ ಬೀಳದ ಮಗ್ಗುಲಲ್ಲಿರಬೇಕು ಎಂದುಕೊಂಡೆ. ಮೂರನೇ ಬಾಗಿಲ ಕ್ಯಾಮೆರಾ ದುರಸ್ತಿಗೆ ಹೋಗಿತ್ತು, ಆ ಪರದೆ ಈಗಲೂ ಕಪ್ಪಗೇ ಇದೆ. ದಿನವಿಡೀ ಅದರ ಎದುರಿಗೇ ಕೂರುತ್ತೇನೆ. ಯಾರಾದರೂ ಸಂಖ್ಯೆ ಹೇಳಿದರೆ ಬಿಡಿಬಿಡಿಯಾಗಿ ಎರಡೆರಡು ಸಲ ಹೇಳಿಸುತ್ತೇನೆ.

ಒಂದೇ ಪ್ರಶ್ನೆ. ನೀವು ಪರೀಕ್ಷಿಸಿದ ಹನ್ನೆರಡು ದನಿಗಳಲ್ಲಿ ಹೆಂಗಸರದ್ದು ಎಷ್ಟು?

ಆಪರೇಟರ್


ಮೇ ೨೦

ಶೇಷಣ್ಣನವರಿಗೆ,

ಐದು ವಾರವಾಯಿತು. ನನ್ನ ಪ್ರಶ್ನೆಗೆ ಉತ್ತರ ಒಂದು ಅಂಕಿ, ಅಷ್ಟೇ. ಅದನ್ನು ಬರೆಯಲು ಇಷ್ಟು ದಿನ ಬೇಕೇ? ಕಾಗದ ಕೈತಪ್ಪಿತೇನೋ ಎಂದು ಮತ್ತೆ ಬರೆಯುತ್ತಿದ್ದೇನೆ.

ಈ ನಡುವೆ ನಿಮ್ಮ ಪ್ರಮಾಣಪತ್ರ ಕೆಲಸ ಮಾಡಿದೆ. ಯಂತ್ರ ಸರಿ, ನನ್ನ ಕಿವಿ ಸರಿ. ಹಾಗಾದರೆ ತಪ್ಪು ಗುಬ್ಬಿಯದು. ತಪ್ಪು ಸಂಖ್ಯೆ ಹೇಳಿ ಇಬ್ಬರ ಸಾವಿಗೆ ಕಾರಣಳಾದಳು ಎಂದು ಆರೋಪಪಟ್ಟಿ ಕೊಟ್ಟಿದ್ದಾರೆ. ಹಾಸಿಗೆಯ ಮೇಲಿದ್ದವಳ ಕೈಗೇ ಕೊಟ್ಟುಹೋದರಂತೆ. ಜೂನ್ ೨೦ಕ್ಕೆ ವಿಚಾರಣೆ.

ಅವಳ ತಾಯಿ ನನ್ನ ಮನೆಗೆ ಬಂದಿದ್ದರು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. “ನೀವು ದೊಡ್ಡೋರು, ನಿಮಗೆ ಕೇಳಿಸಿದ್ದನ್ನೇ ಹೇಳಿದೀರಿ,” ಅಂದು ಹೋದರು.

ಆಪರೇಟರ್


ಮೇ ೨೯

ಅಕ್ಕಾ,

ಹೀಗೆ ಕರೆಯಬಹುದೋ ಇಲ್ಲವೋ. ಇದನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಚೇರಿಯ ವಿಳಾಸಕ್ಕೆ ಇನ್ನು ಬರೆಯಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ: ಸೊನ್ನೆ.

ಮೊದಲು ಹದಿನೈದು ದನಿಗಳಿದ್ದವು. ಕೊನೆಯ ಮೂರು ಹೆಂಗಸರವು. ಒಬ್ಬರು ಹೊಸದಾಗಿ ಸೇರಿದ್ದ ಪರೀಕ್ಷಕಿ, ಇನ್ನೊಬ್ಬರು ಕ್ಯಾಂಟೀನಿನವರು, ಮತ್ತೊಬ್ಬಳು ನನ್ನ ಹೆಂಡತಿ. ಗಂಡಸರ ಮಾತು ನೂರಕ್ಕೆ ತೊಂಬತ್ತಾರು ಸರಿಯಾಗಿ ಕೇಳಿಸಿದರೆ ಈ ಮೂವರದ್ದು ಐವತ್ತಾರು. ಎಲ್ಲ ಸೇರಿಸಿದರೆ ಎಂಬತ್ತೆಂಟು. ಕರಾರಿಗೆ ತೊಂಬತ್ತು ಬೇಕು. ಮುಖ್ಯಸ್ಥರು ಪಟ್ಟಿ ನೋಡಿ, “ಸುರಂಗದಲ್ಲಿ ಹೆಂಗಸರು ಯಾರಿರ್ತಾರೆ? ಇವೆಲ್ಲ ಬೇಡ, ತೆಗೆದುಬಿಡು,” ಅಂದರು. ತೆಗೆದವನು ನಾನು. ಪರೀಕ್ಷಕಿ ವರದಿ ಬರೆದು ಕೊಟ್ಟಿದ್ದಳು: ತೆಳು ದನಿಯಲ್ಲಿ ಮ ಮತ್ತು ನ ಅದಲುಬದಲಾಗುತ್ತವೆ ಎಂದು. ಅದು ನನ್ನ ಮೇಜಿನ ಖಾನೆಯಲ್ಲಿದೆ.

ಮ, ನ ಹೇಳುವಾಗ ದನಿ ಹೊರಡುವುದು ಮೂಗಿನಿಂದ. ಮುಚ್ಚಿದ ಬಾಯಿ ಒಂದು ಒಳಕೋಣೆಯಾಗಿ ಕೆಲವು ಸ್ವರಗಳನ್ನು ನುಂಗುತ್ತದೆ. ಯಾವುದನ್ನು ನುಂಗಿತು ಎಂಬುದರಲ್ಲೇ ಅದು ಮ ಅಥವಾ ನ ಎಂಬ ಗುರುತಿರುವುದು. ನನ್ನ ಹತ್ತು ಅಂಕಿಗಳು ಸದ್ದಿನ ದಿಬ್ಬಗಳನ್ನು ಬರೆಯಬಲ್ಲವು, ಹಳ್ಳಗಳನ್ನು ಬರೆಯಲಾರವು. ದಪ್ಪ ದನಿಯಲ್ಲಿ ಬೇರೆ ಸುಳಿವು ಹಿಡಿದು ಹೇಗೋ ದಾಟುತ್ತದೆ. ತೆಳು ದನಿಯಲ್ಲಿ ಸುಳಿವುಗಳೇ ಕಡಿಮೆ. ಕಿರುಚಿದರೆ ಇನ್ನೂ ಕಷ್ಟ.

ಕಳೆದ ಭಾನುವಾರ ಮಧ್ಯಾಹ್ನ ಕಚೇರಿ ಗುಡಿಸಲು ಬರುವ ಎಂಟು ಹೆಂಗಸರಿಂದ ‘ಮೂರನೇ ಬಾಗಿಲು’ ಎಂದು ಹತ್ತತ್ತು ಸಲ ಹೇಳಿಸಿ, ಗೇಟಿನ ಕಾವಲಿನವರಿಗೆ ಕೇಳಿಸಿದೆ. ಎಂಬತ್ತರಲ್ಲಿ ಮೂವತ್ತೊಂದು ಸಲ ಅವರು ‘ನೂರನೇ’ ಎಂದು ಬರೆದುಕೊಂಡರು.

ಗುಬ್ಬಿ ಮೂರು ಎಂದೇ ಹೇಳಿರಬೇಕು.

ಆದರೆ ಈ ಕಾಗದವನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ಸಂಸ್ಥೆಯ ಒಳಗಿನದನ್ನು ಹೊರಗೆ ಹೇಳುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ. ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ನಮ್ಮ ಮುಖ್ಯಸ್ಥರು ನನ್ನ ಮಾವ, ಹೆಂಡತಿಯ ತಂದೆ. ಕೆಲಸ ಕಲಿಸಿದವರು, ಮಗಳನ್ನು ಕೊಟ್ಟವರು. ನಾವಿರುವುದು ಅವರ ಮನೆಯ ಮಹಡಿಯಲ್ಲಿ. ಬೆಳಗ್ಗೆ ಅವರ ಕಾರಿನಲ್ಲಿ ಹೋಗಿ ಸಂಜೆ ಅವರ ಕಾರಿನಲ್ಲೇ ಬರುತ್ತೇನೆ. ನನ್ನ ಕೆಲಸದ ಕೋಣೆಗೆ ಸದ್ದು ಹೋಗದಂತೆ, ಬಾರದಂತೆ ಗೋಡೆಗೆಲ್ಲ ಮೊಳದುದ್ದ ಸ್ಪಂಜು ಹೊಡೆದಿದ್ದಾರೆ. ಮೊದಲೆಲ್ಲ ಅಲ್ಲಿ ಹಾಯೆನಿಸುತ್ತಿತ್ತು. ಈಗ ಒಳಗೆ ಹೋದರೆ ನನ್ನ ಎದೆಬಡಿತವೇ ಕೇಳುತ್ತದೆ.

ಶೇಷಣ್ಣ


ಜೂನ್ ೬

ತಮ್ಮಾ,

ಕಾಗದ ಓದಿ ಒಲೆಗೆ ಹಾಕೋಣ ಅನ್ನಿಸಿತು. ಆಮೇಲೆ ನಿಮ್ಮನ್ನೇ ಹಾಕಬೇಕು ಅನ್ನಿಸಿತು. “ಸುರಂಗದಲ್ಲಿ ಹೆಂಗಸರು ಯಾರಿರ್ತಾರೆ” ಅಂದರೇ ನಿಮ್ಮ ಮಾವ? ನಮ್ಮಲ್ಲಿ ಇಪ್ಪತ್ನಾಲ್ಕು ಜನ ಇದ್ದಾರೆ. ಒಂದು ಕಾಗದ ಹಾಕಿ ಕೇಳಿದ್ದರೆ ಹೇಳುತ್ತಿದ್ದೆವು.

ಎರಡು ದಿನ ನಿಮ್ಮನ್ನು ಬಯ್ದುಕೊಂಡು ಓಡಾಡಿದೆ. ಮೂರನೇ ದಿನ ಬಯ್ಯುವುದನ್ನು ಬಿಟ್ಟೆ. ಯಾಕೆಂದರೆ ನಾನೂ ನಿಮಗೆ ಎಲ್ಲ ಹೇಳಿಲ್ಲ.

‘ನಿಯಮದಂತೆ ಖಚಿತಪಡಿಸಿಕೊಂಡೆ’ ಎಂದು ಮೊದಲ ಕಾಗದದಲ್ಲಿ ಬರೆದೆನಲ್ಲ, ಸುಳ್ಳು. ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳಿಸಬೇಕು ಎಂಬುದು ನಿಯಮ: ನೂರಾದರೆ ಒಂದು, ಸೊನ್ನೆ, ಸೊನ್ನೆ. ನಾನು ಹಾಗೆ ಹೇಳಿಸಲಿಲ್ಲ. “ನೂರನೇ ಬಾಗಿಲು ತಾನೇ?” ಎಂದು ಕೇಳಿದೆ. ಅವಳು “ಹೂಂ ಅಕ್ಕಾ” ಅಂದಳು. ನನ್ನ ದನಿಯೂ ಅದೇ ಯಂತ್ರದಲ್ಲೇ ಹೋಗುವುದು. ಅವಳಿಗೆ ‘ಮೂರನೇ’ ಎಂದು ಕೇಳಿಸಿತು, ಹೂಂ ಅಂದಳು. ಮುದ್ರಣದಲ್ಲಿ ಒಳಗೆ ಬಂದ ಮಾತು ಮಾತ್ರ ಇದೆ, ನಾನು ಕೇಳಿದ್ದು ಇಲ್ಲ. ಹಾಗಾಗಿ ಯಾರಿಗೂ ಗೊತ್ತಿಲ್ಲ.

ಇನ್ನೂ ಒಂದಿದೆ. ಅವಳು ಮತ್ತೆ ಮತ್ತೆ ಕೂಗುತ್ತಿದ್ದಳು. ನಾನು “ಕಿರುಚಬೇಡ ಕಣೇ, ಕೇಳಿಸ್ತು,” ಅಂದೆ. ಆಮೇಲೆ ಅವಳು ಸುಮ್ಮನಾದಳು.

ಮೊದಲ ಸಲ ನಿಮಗೆ ಬರೆದದ್ದು ನನ್ನ ತಲೆ ಉಳಿಸಿಕೊಳ್ಳಲು. ಉಳಿಯಿತು. ನಿಮ್ಮ ಕಾಗದವನ್ನು ನಿಮ್ಮ ಅಪ್ಪಣೆಯಿಲ್ಲದೆ ತೋರಿಸುವುದಿಲ್ಲ. ಅಪ್ಪಣೆ ಕೊಡಿ ಎಂದು ಕೇಳುವ ಬಾಯಿ ನನಗೂ ಇಲ್ಲ.

ಅಕ್ಕ


ಜೂನ್ ೧೨

ಅಕ್ಕಾ,

೨೦ಕ್ಕೆ ಸಂಸ್ಥೆಯ ಪರವಾಗಿ ತಜ್ಞನಾಗಿ ನನ್ನನ್ನೇ ಕರೆದುಕೊಂಡು ಬರುತ್ತಿದ್ದಾರೆ. ಪಕ್ಕದಲ್ಲಿ ಮಾವ ಇರುತ್ತಾರೆ. ದಯವಿಟ್ಟು ಗುರುತು ಹಿಡಿಯಬೇಡಿ.

ಶೇಷಣ್ಣ


ಜೂನ್ ೨೨

ತಮ್ಮಾ,

ಗುರುತು ಹಿಡಿಯಲಿಲ್ಲ. ಆದರೂ ಗೊತ್ತಾಯಿತು. ಇಡೀ ಕೋಣೆಯಲ್ಲಿ ನೀರಿನ ಲೋಟವನ್ನೇ ನೋಡುತ್ತಾ ಕೂತಿದ್ದವರು ನೀವೊಬ್ಬರೇ.

ನೀವೂ ಅಲ್ಲೇ ಇದ್ದಿರಿ. ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ಬರೆಯಲೇಬೇಕು. ಗುಬ್ಬಿಯನ್ನು ಪಡಸಾಲೆಗೆ ಕಳಿಸಿ, ವಾಕಿಟಾಕಿಯಲ್ಲಿ ಹತ್ತು ಸಲ ಸಂಖ್ಯೆ ಹೇಳಿಸಿ ನೋಡೋಣ ಎಂದು ಅಧ್ಯಕ್ಷರು ಅಂದಾಗ, ಸತ್ಯ ಗೆದ್ದಿತು ಎಂದುಕೊಂಡೆ. ಡಾಕ್ಟರು ಮಾತಾಡಲು ಬಿಟ್ಟದ್ದೇ ಈಚೆಗೆ, ಫೆಬ್ರವರಿಯಿಂದ ನಾನು ಅವಳ ದನಿ ಕೇಳಿರಲಿಲ್ಲ. ‘ಮೂರನೇ ಬಾಗಿಲು’ ಎಂದು ಯಂತ್ರದಿಂದ ಬಂತು. ಯಾರೋ ಗಂಡಸು ಮಾತಾಡುತ್ತಿದ್ದಾನೆ ಎಂದುಕೊಂಡೆ. ಗಡಸು, ಒಡಕು, ಎದೆಯಾಳದ ದನಿ. ಹತ್ತಕ್ಕೆ ಹತ್ತೂ ಸ್ಪಷ್ಟ. ಹೊಗೆ ಗುಬ್ಬಿಯ ದನಿಯನ್ನು ತಿಂದು, ನಿಮ್ಮ ಯಂತ್ರಕ್ಕೆ ಇಷ್ಟವಾಗುವ ದನಿ ಕೊಟ್ಟಿದೆ. ನಿಮ್ಮ ವಕೀಲರು ಕೈ ಉಜ್ಜಿಕೊಂಡು, “ಇನ್ನೇನು ಬೇಕು ಸ್ವಾಮಿ, ನೂರಕ್ಕೆ ನೂರು,” ಅಂದರು. ಒಳಗೆ ಬಂದ ಗುಬ್ಬಿ ಎಲ್ಲರ ಮುಖ ನೋಡಿದಳು. ತನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅವಳಿಗೆ ತಿಳಿಯಲಿಲ್ಲ.

ಆಗ ನಿಮ್ಮ ಕಡೆ ನೋಡಿದೆ. ಲೋಟ.

ಅದಕ್ಕೇ ಎದ್ದೆ. “ಸ್ವಾಮಿ, ನಾನು ಹೋಗಿ ಹೇಳ್ತೀನಿ. ಮೂರು, ನೂರು ಯಾವುದು ಬಾಯಿಗೆ ಬರುತ್ತೋ ಅದು. ನಿಮ್ಮ ಗುಮಾಸ್ತರು ಪಕ್ಕದಲ್ಲಿ ನಿಂತು ಬರ್ಕೊಳ್ಲಿ, ನೀವಿಲ್ಲಿ ಬರ್ಕೊಳ್ಳಿ,” ಅಂದೆ. ತಾಳೆ ನೋಡಿದಾಗ ಹತ್ತರಲ್ಲಿ ನಾಲ್ಕು ತಪ್ಪು. ವಕೀಲರು, “ಈಕೆ ಬೇಕಂತಲೇ ಮೂಗಿನಲ್ಲಿ ಮಾತಾಡ್ತಿದಾರೆ,” ಅಂದರು. ಅವತ್ತು ನೀವು ನಿಯಮ ಪಾಲಿಸಿದಿರಾ ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಅಂದೆ. ಎಲ್ಲ ಹೇಳಿದೆ, ಕಿರುಚಬೇಡ ಅಂದದ್ದನ್ನೂ. ಗುಬ್ಬಿ ಅಲ್ಲೇ ಕೂತಿದ್ದಳು.

ಕೊನೆಗೆ ಅವರು ನಿಮ್ಮನ್ನು ಕೇಳಿದರು: ಹೆಂಗಸರ ದನಿಯಲ್ಲಿ ಹೀಗಾಗುತ್ತದೆಯೇ ಎಂದು. ನೀವು, “ಕಡತ ನೋಡಿ ಹೇಳ್ಬೇಕು,” ಅಂದಿರಿ. ಜುಲೈ ೪ಕ್ಕೆ ಮುಂದೂಡಿದರು. ಅವತ್ತು ನಮ್ಮನ್ನು ಒಳಗೆ ಬಿಡುವುದಿಲ್ಲವಂತೆ.

ನಿಮ್ಮ ಕಾಗದ ನನ್ನ ಕೈಚೀಲದಲ್ಲೇ ಇತ್ತು. ಮೂರು ಸಲ ಜಿಪ್ಪಿಗೆ ಕೈ ಹೋಯಿತು. ತೆಗೆಯಲಿಲ್ಲ.

ಅಕ್ಕ


ಜುಲೈ ೬

ಅಕ್ಕಾ,

ಅವತ್ತು ನೀವು ಪಡಸಾಲೆಯಿಂದ ಒಳಗೆ ಬಂದು ವಾಕಿಟಾಕಿಯನ್ನು ಗುಬ್ಬಿಯ ಮುಂದೆ ಇಟ್ಟಿರಿ. ಲೋಟ ನೋಡುತ್ತಿದ್ದರೂ ಅದು ನನಗೆ ಕಂಡಿತು.

ಮೂರನೇ ತಾರೀಕು ಊಟದ ಹೊತ್ತಿಗೆ ಮಾವ ಮೇಲೆ ಬಂದರು. ಕಡತ ಶುದ್ಧವಾಗಿದೆ, ಹನ್ನೆರಡು ದನಿ, ನೂರಕ್ಕೆ ತೊಂಬತ್ತಾರು, ಇಷ್ಟು ಹೇಳಿ ಬಂದುಬಿಡು ಅಂದರು. ನಾನು, “ಮಾವ, ಹದಿನೈದಿತ್ತಲ್ಲ,” ಅಂದೆ. ಅವರು ತುಂಬಾ ಮೆಲ್ಲಗೆ, “ನಿನ್ನನ್ನ ಅಳಿಯ ಅಂತ ನೋಡ್ಲಿಲ್ಲ, ಮಗ ಅಂತ ನೋಡಿದೆ,” ಅಂದರು. ರೇಗಿದ್ದರೆ ನಾನೂ ರೇಗಬಹುದಿತ್ತು.

ಮಾತಾಡಿದ್ದು ನನ್ನ ಹೆಂಡತಿ. ಆ ಹದಿನೈದರ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ಪರೀಕ್ಷೆಗೆ ಬಂದು ಹೋದದ್ದಷ್ಟೇ ಅವಳಿಗೆ ನೆನಪು. “ನನ್ನ ದನಿ ತೆಗೆದುಹಾಕಿದ್ದು ಯಾರು?” ಅಂದಳು. ಮಾವ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅವಳು ಇಬ್ಬರನ್ನೂ ನೋಡಿ, “ಚೆನ್ನಾಗಿದೆ. ಮನೇಲಿ ನನ್ನ ಮಾತು ಕೇಳಿಸಲ್ಲ ಅಂತ ಗೊತ್ತಿತ್ತು. ಮಿಷನ್ನಿಗೂ ಕೇಳಿಸಲ್ವಾ?” ಅಂದು ತಟ್ಟೆ ಎತ್ತಿಕೊಂಡು ಹೋದಳು.

ಮಾರನೇ ದಿನ ಸಮಿತಿಯ ಮುಂದೆ ಹದಿನೈದರ ಪಟ್ಟಿ, ಪರೀಕ್ಷಕಿಯ ವರದಿ, ನನ್ನ ಎಂಬತ್ತು ಮಾತುಗಳ ಲೆಕ್ಕ ಎಲ್ಲವನ್ನೂ ಇಟ್ಟೆ. ತೆಗೆದವನು ನಾನೇ ಎಂದೂ ಹೇಳಿದೆ. ಮಾವ ಎದ್ದು ಹೊರಗೆ ಹೋದರು.

ನಾನು ಬಿಡುಗಡೆಯಾದೆ ಎಂದುಕೊಳ್ಳಬೇಡಿ. ಮುಚ್ಚಳಿಕೆಯ ಪ್ರಕಾರ ಮೂರು ವರ್ಷ ಬೇರೆ ಕಡೆ ಈ ಕೆಲಸ ಮಾಡುವಂತಿಲ್ಲ. ಇಲ್ಲಿಯೂ ಮಾಡುವಂತಿಲ್ಲ, ಉಗ್ರಾಣಕ್ಕೆ ಹಾಕಿದ್ದಾರೆ, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಮನೆ ಇನ್ನೂ ಅದೇ ಮಹಡಿ. ಕೆಳಗೆ ಮಾವ ಓಡಾಡುವ ಚಪ್ಪಲಿ ಸದ್ದು ಕೇಳುತ್ತದೆ. ನಾನು ಮೆಟ್ಟಿಲಿಳಿಯುವ ಸದ್ದಾದರೆ ಅದು ನಿಲ್ಲುತ್ತದೆ.

ಶೇಷಣ್ಣ


ಆಗಸ್ಟ್ ೧೮

ತಮ್ಮಾ,

ತೀರ್ಪು ಬಂತು. ಗುಬ್ಬಿಯ ಮೇಲಿನ ಆರೋಪ ಪೂರ್ತಿ ತೆಗೆದುಹಾಕಿದ್ದಾರೆ. ಅವಳ ತಾಯಿ ಆ ಕಾಗದವನ್ನು ನಾಲ್ಕು ಸಲ ನನ್ನಿಂದ ಓದಿಸಿದರು. ನಿಯಮ ಮುರಿದದ್ದಕ್ಕೆ ನನ್ನನ್ನು ನಿಯಂತ್ರಣ ಕೊಠಡಿಯಿಂದ ತೆಗೆದು, ಕಳೆದುಹೋದ ಸಾಮಾನಿನ ಕೌಂಟರಿಗೆ ಹಾಕಿದ್ದಾರೆ. ಅದು ನ್ಯಾಯವೇ. ಕೊಡೆ, ಕನ್ನಡಕ, ಒಂಟಿ ಚಪ್ಪಲಿಗಳ ನಡುವೆ ಕೂತಿರುತ್ತೇನೆ. ಸತ್ತ ಆ ಇಬ್ಬರ ಹೆಸರು ಬರೆದ ಚೀಲವೊಂದು ಇಲ್ಲೇ ಇದೆ. ಯಾರೂ ಕೇಳಿಕೊಂಡು ಬಂದಿಲ್ಲ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಅರ್ಧದಷ್ಟು ಹೆಂಗಸರನ್ನು ಸೇರಿಸಿ ಹೊಸದಾಗಿ ಪರೀಕ್ಷೆ ಮಾಡಬೇಕು, ಸರಿಪಡಿಸಬೇಕು ಎಂದು ಸಮಿತಿ ಹೇಳಿದೆ. ಅದಕ್ಕೆ ಒಂದು ವರ್ಷ ಬೇಕಂತೆ. ಅಲ್ಲಿಯವರೆಗೆ? ವಾಕಿಟಾಕಿ ಬದಲಿಸುತ್ತಾರೆ ಎಂದುಕೊಂಡೆವು. ಹೆಂಗಸರನ್ನು ಬದಲಿಸಿದರು! ಮರುದಿನವೇ ಆದೇಶ: ಗುಬ್ಬಿಯನ್ನು ಬಿಟ್ಟು ಉಳಿದ ಇಪ್ಪತ್ಮೂರು ಜನರನ್ನೂ ಗಸ್ತಿನಿಂದ ತೆಗೆದು ಬೀಗದಕೈ ಕೋಣೆಯಲ್ಲಿ ಕೂರಿಸಿದ್ದಾರೆ. ದಿನವಿಡೀ ಬೀಗದಕೈ ಒರೆಸುತ್ತಾರೆ, ಮಾರನೇ ದಿನ ಅವನ್ನೇ ಮತ್ತೆ ಒರೆಸುತ್ತಾರೆ.

ಗುಬ್ಬಿಗೆ ಮಾತ್ರ ವಾಪಸ್ ಬಾ ಎಂದು ಕರೆ ಬಂತು. ಅವಳ ದನಿ ಯಂತ್ರದಲ್ಲಿ ಚೆನ್ನಾಗಿ ಬರುತ್ತದಲ್ಲ. ಸಾಹೇಬರು ದೊಡ್ಡ ಮನಸ್ಸಿನಿಂದ ಹೇಳಿದರಂತೆ. ಇವಳು ಆ ಒಡಕು ದನಿಯಲ್ಲಿ, “ಸರ್, ನಿಮ್ಮ ಮಿಷನ್ನಿಗೆ ನನ್ನ ಮಾತು ಕೇಳಿಸ್ಬೇಕಾದ್ರೆ ಮೊದ್ಲು ನನ್ನ ಗಂಟ್ಲು ಸುಡ್ಬೇಕಾಯ್ತು. ಉಳಿದೋರಿಗೂ ಅದೇ ರೂಲ್ಸಾ?” ಅಂದಳಂತೆ. ಅವಳೂ ಹೋಗಿ ಬೀಗದಕೈ ಕೋಣೆಯಲ್ಲಿ ಕೂತಿದ್ದಾಳೆ.

ನನ್ನೊಂದಿಗೆ ಅವಳು ಇನ್ನೂ ಸರಿಯಾಗಿ ಮಾತಾಡಿಲ್ಲ. ಎದುರು ಸಿಕ್ಕಾಗ, “ಊಟ ಆಯ್ತಾ ಅಕ್ಕಾ,” ಅನ್ನುತ್ತಾಳೆ. ಆ ಅಕ್ಕಾ ಉಳಿದಿದೆಯಲ್ಲ ಎಂದು ನಾನು ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುತ್ತೇನೆ.

ಅಕ್ಕ


ಆಗಸ್ಟ್ ೨೯

ಅಕ್ಕಾ,

ಹೊಸ ಪರೀಕ್ಷೆಯನ್ನು ಆ ಪರೀಕ್ಷಕಿಗೇ ವಹಿಸಿದ್ದಾರೆ. ಎರಡು ವರ್ಷದ ಹಿಂದೆ ಆಕೆಯ ವರದಿಯನ್ನು ಖಾನೆಗೆ ತುರುಕಿದ್ದವನನ್ನು ನಿನ್ನೆ ಉಗ್ರಾಣಕ್ಕೆ ಹುಡುಕಿಕೊಂಡು ಬಂದು, “ಲೆಕ್ಕ ನಿಮಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ಚೀಟಿ ಅಂಟಿಸ್ತಾನೇ ಹೇಳಿಕೊಡಿ,” ಅಂದಳು. ಹೇಳಿಕೊಡುತ್ತಿದ್ದೇನೆ. ಹಳ್ಳಗಳನ್ನೂ ಬರೆಯುವ ಅಂಕಿಗಳು ಬೇಕು. ಅಳೆದು ಸುರಿದು ಶೇಷಕ್ಕೂ ಒಂದಿಷ್ಟು ಜಾಗ ಮಾಡಬೇಕು. ಆಗುವ ಕೆಲಸ, ನಿಧಾನ.

ಕಷ್ಟ ಏನೆಂದರೆ, ಹೆಂಗಸರ ದನಿ ಸಿಗುತ್ತಿಲ್ಲ. ಇಲ್ಲಿರುವವರು ಮಾವನಿಗೆ ಹೆದರಿ ಬರುತ್ತಿಲ್ಲ. ಕ್ಯಾಂಟೀನಿನವರು, “ಒಂದ್ಸಲ ಬಂದಿದ್ದಕ್ಕೇ ನನ್ನ ತೆಗೆದುಹಾಕಿದ್ರಿ,” ಎಂದು ಮುಖ ತಿರುಗಿಸಿದರು. ನನ್ನ ಹೆಂಡತಿ ಬಂದು ಎರಡು ಗಂಟೆ ಓದಿ ಹೋದಳು. ನಿಮ್ಮವರು ಯಾರಾದರೂ ಇಬ್ಬರು ಮೂವರು ಬರಲು ಒಪ್ಪುತ್ತಾರೆಯೇ? ಓದಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟಿರುತ್ತೇವೆ.

ಶೇಷಣ್ಣ


ಸೆಪ್ಟೆಂಬರ್ ೫

ತಮ್ಮಾ,

ನಿಮ್ಮ ಕಾಗದವನ್ನು ಬೀಗದಕೈ ಕೋಣೆಗೆ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದಿದೆ. ಯಾರು ಬರುತ್ತೀರಿ ಎಂದು ಕೇಳುವ ಮೊದಲೇ ಗುಬ್ಬಿ ಎದ್ದು ನಿಂತಳು. ನಿನ್ನ ದನಿ ಅವರಿಗೆ ಪ್ರಯೋಜನವಿಲ್ಲವಲ್ಲೇ ಎಂದು ಯಾರೋ ಅಂದರು. “ನಾನು ಹೇಳೋಕಲ್ಲ, ಕೇಳಿಸ್ಕೊಳ್ಳೋಕೆ ಬರ್ತೀನಿ. ಇವರು ಮೂರು ಅಂದ್ರೆ ಅಲ್ಲಿ ಏನು ಕೇಳುತ್ತೆ ಅಂತ ನಾನೇ ಕೂತು ಬರ್ಕೋತೀನಿ,” ಅಂದಳು.

ಇಬ್ಬರು ಮೂವರು ಎಂದಿದ್ದೀರಿ. ಇಪ್ಪತ್ನಾಲ್ಕು ಜನವೂ ಒಂದೇ ದಿನ ರಜೆ ಬರೆದಿದ್ದೇವೆ, ನಾನು ಇಪ್ಪತ್ತೈದನೆಯವಳು. ಒಂದೇ ದಿನ ಇಷ್ಟು ರಜೆ ಯಾಕೆ ಎಂದು ಸಾಹೇಬರು ಕೇಳಿದರು. ಬೀಗದಕೈಗಳು ಸಾಕಷ್ಟು ಹೊಳೆಯುತ್ತಿವೆ ಸರ್ ಎಂದು ಹೇಳಿದ್ದೇವೆ. ಗುರುವಾರ ಬೆಳಗಿನ ಬಸ್ಸಿಗೆ ಹೊರಟು ಹನ್ನೊಂದರ ಹೊತ್ತಿಗೆ ನಿಮ್ಮ ಗೇಟಿನ ಮುಂದೆ ಇರುತ್ತೇವೆ. ನಿಮ್ಮ ಮಾವನಿಗೂ ತಿಳಿಸಿಬಿಡಿ, ಬಚ್ಚಿಟ್ಟುಕೊಂಡು ಬರುವಂಥದ್ದೇನೂ ಇಲ್ಲ.

ಚೀಟಿ ಬರೆದಿಡುವ ತೊಂದರೆ ತೆಗೆದುಕೊಳ್ಳಬೇಡಿ. ಆರು ತಿಂಗಳಿಂದ ನುಂಗಿಕೊಂಡ ಮಾತು ಒಬ್ಬೊಬ್ಬರಲ್ಲೂ ಬೇಕಾದಷ್ಟಿದೆ. ನೀವು ಯಂತ್ರ ಹಚ್ಚಿ ಕೂತಿರಿ, ಸಾಕು. ನೀವು ನಿಲ್ಲಿಸಿ ಅನ್ನುವವರೆಗೂ ಮಾತಾಡುತ್ತೇವೆ. ನಿಲ್ಲಿಸಿ ಅಂದರೆ ನಿಲ್ಲಿಸುತ್ತೇವೆ ಎಂಬ ಖಾತ್ರಿ ಮಾತ್ರ ನಾನು ಕೊಡಲಾರೆ.

ಅಕ್ಕ